ಅಕ್ಕನ ತಪ್ಪಲೆ, ಭಾವನ ಪೇಟೆಂಟು

ಹೋದ ಭಾನುವಾರ ಈ ಜಾಗದಲ್ಲಿ ನಾನಿರಲಿಲ್ಲ. ಹುತ್ರಿದುರ್ಗದ ಬೆಟ್ಟದ ದೊಡ್ಡ ಫೋಟೊ ಇತ್ತು. ಕೆಳಗೆ ಮಂಜು, ಮುಂಜಾವು ಅಂತ ಏನೋ ಎರಡು ಸಾಲು.

ಸೋಮವಾರ ಬೆಳಗ್ಗೆಯಿಂದಲೇ ಫೋನು. ಗುಬ್ಬಿಯ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ, ಪ್ರತಿವಾರ ನನ್ನ ಕಾಗುಣಿತದ ತಪ್ಪು ಹುಡುಕಿ ಹೇಳುವವರು. ಈ ಸಲ ದನಿ ತಗ್ಗಿಸಿ, “ಏನಮ್ಮ, ಹುಷಾರಾಗಿದೀಯಾ? ಆಸ್ಪತ್ರೆಗೆ ಗೀಸ್ಪತ್ರೆಗೆ ಸೇರಿಲ್ಲ ತಾನೇ?” ಅಂದರು. ನನ್ನ ಹಳೇ ಸ್ಟೂಡೆಂಟ್ ಒಬ್ಬಳು, “ಮೇಡಂ, ನಿಮ್ಮನ್ನ ಪೇಪರ್‌ನಿಂದ ತೆಗೆದುಹಾಕಿದ್ರಾ?” ಅಂತ ನೇರವಾಗೇ ಕೇಳಿದಳು. (ದನಿಯಲ್ಲಿ ಬೇಜಾರಿತ್ತೋ ಬರೀ ಕುತೂಹಲವಿತ್ತೋ, ಗೊತ್ತಾಗಲಿಲ್ಲ.)

ಇಲ್ಲ ಕಣ್ರಪ್ಪ, ಗುಂಡುಕಲ್ಲಿನ ಹಾಗಿದೀನಿ. ಯಾರೂ ತೆಗೆದುಹಾಕಿಲ್ಲ. ಅಂಕಣ ಬರೆದಿದ್ದೆ, ಕೊಟ್ಟಿದ್ದೆ, ಅದು ಪುಟದಲ್ಲಿ ನೀಟಾಗಿ ಕೂತೂ ಇತ್ತು. ಅಚ್ಚಿಗೆ ಹೋಗೋ ಹೊತ್ತಿಗೆ ಬಂದು ಕಿತ್ತುಹಾಕಿಸಿದವರು ಸರ್ಕಾರದವರೂ ಅಲ್ಲ, ರಾಜಕಾರಣಿಗಳೂ ಅಲ್ಲ. ನನ್ನ ಒಡಹುಟ್ಟಿದ ಅಕ್ಕ.

ಕಾರಣ? ಒಂದು ಮುದ್ದೆ ಮಾಡೋ ಮಷಿನ್ನು.

ಮೊದಲಿಂದ ಹೇಳ್ತೀನಿ. ಅಕ್ಕನ ಹೆಸರು ವಿಶಾಲಾಕ್ಷಿ. ಹೈಸ್ಕೂಲಿನಲ್ಲಿ ಕೆಮಿಸ್ಟ್ರಿ ಪಾಠ ಮಾಡ್ತಿದ್ದವಳು. ಭಾವ ಪರಮೇಶ್ವರಯ್ಯ ಡಿಪ್ಲೊಮಾ ಓದಿ, ತುಮಕೂರಿನ ಗುಬ್ಬಿ ರಸ್ತೆಯಲ್ಲಿ ಒಂದು ವರ್ಕ್‌ಶಾಪ್ ಇಟ್ಟವರು. ಹೊಟ್ಟೆಪಾಡಿಗೆ ಗೇಟು, ಗ್ರಿಲ್ಲು, ನೀರಿನ ಟ್ಯಾಂಕಿನ ಸ್ಟ್ಯಾಂಡು. ತಲೆಯೊಳಗೆ ಮಾತ್ರ ಯಾವಾಗಲೂ ಒಂದು ಹೊಸ ಮಷಿನ್ನು ತಿರುಗ್ತಾ ಇರುತ್ತೆ. ಊಟಕ್ಕೆ ಕೂತಾಗ ಎದುರಿಗಿದ್ದವರು ಮಾತಾಡಿದರೆ ಅವರು ಉಪ್ಪಿನಕಾಯಿ ಮುಂದಕ್ಕೆ ತಳ್ಳುತ್ತಾರೆ. ಯಾಕೆಂದರೆ ಕೇಳಿಸಿರೋದಿಲ್ಲ.

ತೊಂಬತ್ತರ ದಶಕದಲ್ಲಿ ಭಾವ ತೆಂಗಿನಕಾಯಿ ಸುಲಿಯೋ ಒಂದು ಸಲಕರಣೆ ಮಾಡಿದ್ದರು. ಕಾಲಲ್ಲಿ ತುಳಿದರೆ ಎರಡು ಮೊನೆ ಬಾಯಿಬಿಟ್ಟು ಮಟ್ಟೆ ಸೀಳೋದು. ಕಾಲು ತೆಗೆದರೆ ಸ್ಪ್ರಿಂಗು ಎಳೆದು ಬಾಯಿ ಮುಚ್ಚೋದು. ಗುಬ್ಬಿ ಹತ್ತಿರದ ಕಡಬದ ತೋಟದವರು ಹುಡುಕಿಕೊಂಡು ಬಂದು ಕೊಂಡರು. ಅಕ್ಕನ ಮನೆಗೆ ಹೊಸ ಫ್ರಿಜ್ಜು ಬಂತು. ಎಲ್ಲ ಚೆನ್ನಾಗಿತ್ತು.

ವರ್ಷ ಕಳೆಯೋದ್ರೊಳಗೆ ಗುಬ್ಬಿ ಪೇಟೆಯ ಅಂಗಡಿ ಅಂಗಡಿಯಲ್ಲೂ ಅದೇ ಸಲಕರಣೆ. ಬಣ್ಣ ಬೇರೆ, ಅಷ್ಟೆ. ಬೈಯೋದು ಯಾರನ್ನ? ಯಾರೂ ಕನ್ನ ಹಾಕಿರಲಿಲ್ಲ. ಒಂದನ್ನ ಕೊಂಡುಕೊಂಡು ನಟ್ಟು ಬಿಚ್ಚಿ ನೋಡಿದರೆ ಸಾಕಿತ್ತು, ಗುಟ್ಟೆಲ್ಲ ಕಣ್ಣೆದುರಿಗೆ. ಒಂದು ಮಾತ್ರ ಹಾಗೆ ಕಾಪಿ ಮಾಡಿದವರಿಗೆ ಸಿಕ್ಕಿರಲಿಲ್ಲ. ಅವರ ಸ್ಪ್ರಿಂಗು ಬೇಗ ಸೋತುಹೋಗ್ತಿತ್ತು. ಭಾವನ ಸ್ಪ್ರಿಂಗು ಸೋಲ್ತಾ ಇರಲಿಲ್ಲ.

ಅವರಲ್ಲೊಬ್ಬ, ಭಾಳ ನಗುಮುಖದ ಮನುಷ್ಯ, ಬಾಳೆಹಣ್ಣಿನ ಚಿಪ್ಪು ಹಿಡ್ಕೊಂಡು ನೇರವಾಗಿ ಭಾವನ ವರ್ಕ್‌ಶಾಪಿಗೇ ಬಂದ. “ಅಣ್ಣ, ತಪ್ಪು ತಿಳ್ಕಬ್ಯಾಡಿ. ನಿಮ್ ಮಾಲು ನೋಡ್ಕಂಡೇ ನಾವೂ ಮಾಡ್ತಾ ಇದೀವಿ. ಆದ್ರೆ ನಮ್ ಸ್ಪ್ರಿಂಗು ನಿಲ್ತಾ ಇಲ್ಲ. ನೀವು ಅದುಕ್ಕೇನ್ ಮಾಡ್ತೀರಾ?”

ನೀವಾಗಿದ್ದರೆ ಏನು ಮಾಡ್ತಿದ್ರಿ? ಬಾಳೆಹಣ್ಣಿನ ಸಮೇತ ಆಚೆಗೆ ಕಳಿಸ್ತಿದ್ರಿ. ಭಾವನ ಮುಖ ಅರಳಿತು. ಇಷ್ಟು ವರ್ಷದಲ್ಲಿ ಸ್ಪ್ರಿಂಗಿನ ಬಗ್ಗೆ ಅವರನ್ನ ಯಾರೂ ಕೇಳಿರಲಿಲ್ಲ. ಕೂರಿಸಿ, ಕಾಫಿ ತರಿಸಿ, ಹೇಗೆ ಕಾಯಿಸಬೇಕು, ಯಾವ ಬಣ್ಣಕ್ಕೆ ಬಂದಾಗ ತೆಗೀಬೇಕು, ಯಾವುದರಲ್ಲಿ ಅದ್ದಬೇಕು, ಎಲ್ಲ ಪಾಠ ಮಾಡಿದರು. ಅಕ್ಕ ಬಾಗಿಲ ಸಂದಿಯಿಂದ ಕಣ್ಸನ್ನೆ ಮಾಡಿದಳು. ಬಳೆ ಸದ್ದು ಮಾಡಿದಳು. ಕೊನೆಗೆ ಕೆಮ್ಮಿದಳು.

“ವಿಶಾಲು, ಕೆಮ್ಮು ಜಾಸ್ತಿ ಆಗಿದೆ. ಒಂಚೂರು ಕಷಾಯ ಕುಡಿ” ಅಂದರು ಭಾವ.

ಮುಂದಿನ ಕಾಯಿ ಕೀಳೋ ಹೊತ್ತಿಗೆ ಗುಬ್ಬಿಯ ಸ್ಪ್ರಿಂಗುಗಳೂ ಗಟ್ಟಿಯಾಗಿದ್ದವು. ಗಿರಾಕಿಗಳು ಅಲ್ಲೇ ನಿಂತರು. ಭಾವನಿಗೆ ಬೇಜಾರೇನೂ ಆಗಲಿಲ್ಲ. “ಒಟ್ನಲ್ಲಿ ಕಾಯಿ ಸುಲಿಯೋರ ಅಂಗೈ ಉಳೀತಲ್ಲ” ಅಂದರು. ಅಕ್ಕ ಅಷ್ಟು ದೊಡ್ಡ ಮನಸ್ಸಿನವಳಲ್ಲ. ಅವಳು ಅವತ್ತೇ ಒಂದು ತೀರ್ಮಾನಕ್ಕೆ ಬಂದಿದ್ದಳು. ಅದೇನು ಅಂತ ನಮಗೆಲ್ಲ ತಿಳಿದಿದ್ದು ಮೊನ್ನೆ.

ಈಗ ಮುದ್ದೆಗೆ ಬರೋಣ.

ಅದು ಶುರುವಾಗಿದ್ದು ಹಾಗಲವಾಡಿಯ ಒಂದು ಬೀಗರೂಟದಲ್ಲಿ. ಅಡುಗೆಯವರಿಬ್ಬರು ದೊಡ್ಡ ತಪ್ಪಲೆಯನ್ನ ಕಾಲಲ್ಲಿ ಅದುಮಿಕೊಂಡು, ಎರಡು ಕೋಲು ಹಾಕಿ ಹಿಟ್ಟು ತಿರುವುತ್ತಿದ್ದರು. ಬೆವರು ಧಾರಾಕಾರ. (ಅದು ಎಲ್ಲಿ ಬೀಳ್ತಿತ್ತು ಅಂತ ಕೇಳಬೇಡಿ.) ಭಾವ ಎಲೆ ಮುಂದೆ ಕೂತವರು ಎದ್ದುಹೋಗಿ ಒಲೆ ಹತ್ತಿರ ನಿಂತುಬಿಟ್ಟರು. ಬಡಿಸೋರು ಅವರ ಎಲೆಗೆ ಸುಮ್ಮನೆ ಸಾರು ಹಾಕ್ಕೊಂಡು ಹೋದರು.

ಮಾರನೇ ದಿನ ಬೆಳಗಿನ ಕಾಫಿ ಮುಗಿಯೋ ಹೊತ್ತಿಗೆ ಭಾವನ ಐಡಿಯಾ ರೆಡಿ. ಒಂದು ತಪ್ಪಲೆ, ಮೇಲೆ ಒಂದು ಮೋಟಾರು, ಎರಡು ಕಬ್ಬಿಣದ ಕೈ. ವಾರದಲ್ಲಿ ಮಷಿನ್ನು ತಯಾರಾಯಿತು. ಗಿರಗಿರ ತಿರುಗಿತು. ಹಿಟ್ಟೂ ಬೆಂತು. ಆದರೆ ಒಳಗೆಲ್ಲ ಗಂಟು. ಒಂದೊಂದು ಗೋಲಿ ಗಾತ್ರ.

ಅಕ್ಕ ಸೆರಗು ಸಿಕ್ಕಿಸಿಕೊಂಡು ಬಗ್ಗಿ ನೋಡಿದಳು. “ರೀ, ನಿಮ್ಮ ಮಷಿನ್ನು ಸುತ್ತುತ್ತೆ, ತಿರುವಲ್ಲ. ಗಂಟು ಕೈಗೆ ಸಿಕ್ಕಿದಾಗ ನಾವು ಕೋಲನ್ನ ಅಂಚಿಗೆ ಒತ್ತಿ ಒಂಚೂರು ನಿಲ್ಲಿಸ್ತೀವಿ. ಗಂಟು ಒಡೆಯೋದು ಆ ನಿಲ್ಲಿಸೋದರಲ್ಲಿ. ನಿಮ್ಮದು ನಿಲ್ಲೋದೇ ಇಲ್ವಲ್ಲ.”

ಭಾವ ಒಳಗೆ ಹೋದರು. ಆಮೇಲೆ ಒಂದು ಕೈ ತಿರುವುವ ಹಾಗೂ ಇನ್ನೊಂದು ಕೈ ಅಂಚಿಗೆ ಒತ್ತಿ, ಒಂದು ಗಳಿಗೆ ತಡೆದು, ಮತ್ತೆ ಹೊರಡುವ ಹಾಗೂ ಮಾಡಿದರು. ಗಂಟು ಮಾಯ. ಮುದ್ದೆ ಬೆಣ್ಣೆ.

ಉಳಿದಿದ್ದು ಒಂದೇ ತಾಪತ್ರಯ. ಹಿಟ್ಟು ತಪ್ಪಲೆಗೆ ಅಂಟಿಕೊಳ್ಳೋದು. ಅಂಗಡಿಯಲ್ಲಿ ಸಿಗೋ ನಾನ್‌ಸ್ಟಿಕ್ಕು ಆ ಕಬ್ಬಿಣದ ಕೈಯ ಒತ್ತಡಕ್ಕೆ ಸಿಪ್ಪೆಯ ಹಾಗೆ ಕಿತ್ತು ಬರ್ತಿತ್ತು. ಭಾವ ಕೈಚೆಲ್ಲಿದರು. ಆಗ ಅಕ್ಕ, “ತಪ್ಪಲೆ ನನಗೆ ಬಿಡಿ” ಅಂದಳು.

ಬಿಟ್ಟರು. ಎಷ್ಟು ದಿನ ಅಂತೀರಿ? ವರ್ಷಗಳೇ ಹೋದವು.

ಮೊದಲು ರಜೆಗಳು ಹೋದವು. ಆಮೇಲೆ ಸಂಜೆಯ ಟ್ಯೂಷನ್ನು ಹೋಯಿತು. ಕೊನೆಗೆ ಅವಳು ನೌಕರಿಯಿಂದಲೇ ವಾಲಂಟರಿ ರಿಟೈರ್‌ಮೆಂಟ್ ತಗೊಂಡು ಹಿತ್ತಲ ಶೆಡ್ಡಿನಲ್ಲಿ ಕೂತಳು. ತಪ್ಪಲೆಯ ಒಳಮೈಗೆ ಏನೇನೋ ಹಚ್ಚೋದು, ಕಾಯಿಸೋದು, ಆರಿಸೋದು, ಹಿಟ್ಟು ತಿರುವೋದು, ಮುಖ ಸಿಂಡರಿಸೋದು. ಕೆಟ್ಟುಹೋದ ತಪ್ಪಲೆಗಳನ್ನ ಬಿಸಾಡೋಕೆ ಮನಸ್ಸು ಬಾರದೆ ಹಂಚಿದಳು. ಎದುರುಮನೆಯವರು ಒಂದರಲ್ಲಿ ಕರಿಬೇವಿನ ಗಿಡ ಇಟ್ಟರು. ಪಕ್ಕದ ಸೈಟಿನ ಗಾರೆಯವರು ಒಂದರಲ್ಲಿ ಸಿಮೆಂಟು ಕಲಸಿದರು. ಆ ಬೀದಿಯ ನಾಯಿಗಳೆಲ್ಲ ನೀರು ಕುಡಿಯೋದು ಇವತ್ತಿಗೂ ಅಕ್ಕನ ರಿಸರ್ಚಿನಲ್ಲೇ.

ದೊಡ್ಡ ದೊಡ್ಡ ಕಂಪನಿಗಳು ‘ಆರ್ ಅಂಡ್ ಡಿ’ಗೆ ಇಷ್ಟು ಸುರಿದೆವು, ಅಷ್ಟು ಸುರಿದೆವು ಅಂತ ಪೇಪರಿನಲ್ಲಿ ಹಾಕಿಸ್ಕೊಳ್ತಾವೆ. ಆ ಸುರಿಯೋದು ಅಂದರೆ ಏನು ಅಂತ ನನಗೆ ಅರ್ಥವಾಗಿದ್ದು ಆ ಬೀದಿಯಲ್ಲಿ ನಡೆದಾಗಲೇ.

ಮೂರು ವಾರದ ಹಿಂದಿನ ಭಾನುವಾರ ಅಕ್ಕ ಊಟಕ್ಕೆ ಕರೆದಳು. ಹೋದೆ. ಮಷಿನ್ನು ನಿಂತಮೇಲೆ ಭಾವ ತಪ್ಪಲೆಯನ್ನ ಬಿಚ್ಚಿ, ತಟ್ಟೆಯ ಮೇಲೆ ಬೋರಲು ಹಾಕಿದರು. ಇಡೀ ಹಿಟ್ಟು ಪುಸಕ್ಕನೆ ಜಾರಿ ಬಂದು ಕೂತಿತು. ತಪ್ಪಲೆಯೊಳಗೆ ಏನಂದರೆ ಏನೂ ಇಲ್ಲ. ತೊಳೆದಿಟ್ಟ ಹಾಗೆ. ಅಕ್ಕ ತಪ್ಪಲೆಯನ್ನ ನನ್ನ ಮುಖಕ್ಕೆ ಹಿಡಿದು, “ನೋಡ್ಕೊಳೇ” ಅಂದಳು. ತಕ್ಷಣ ನಗು ಬಂತು. ನಾವು ಮೂರೂ ಜನ ಆ ಖಾಲಿ ತಪ್ಪಲೆ ಸುತ್ತ ನಿಂತು ಹುಚ್ಚರ ಹಾಗೆ ನಕ್ಕೆವು.

ಊಟವಾದ ಮೇಲೆ ಅಕ್ಕ ಪಾತ್ರೆ ತೊಳೀತಿದ್ದಳು, ನಾನು ಒರೆಸಿಡ್ತಿದ್ದೆ. ಅವಳೇ ಶುರು ಮಾಡಿದಳು. ಏನು ಹಚ್ಚಿದೆ, ಎಷ್ಟು ಹೊತ್ತು ಕಾಯಿಸಿದೆ, ಮಧ್ಯದಲ್ಲಿ ಯಾಕೆ ಒಮ್ಮೆ ತಣ್ಣಗಾಗೋಕೆ ಬಿಟ್ಟೆ. ವರ್ಷಗಟ್ಟಲೆ ಒಬ್ಬಳೇ ಹೊತ್ತುಕೊಂಡಿದ್ದನ್ನ ಯಾರಿಗಾದರೂ ಹೇಳಬೇಕು ಅನ್ನಿಸಿತ್ತೋ ಏನೋ. ಎಲ್ಲ ಹೇಳಿದಳು.

ಅಂಕಣ ಬರೆಯೋರ ಹತ್ತಿರ ಯಾರಾದರೂ ಹಾಗೆಲ್ಲ ಹೇಳ್ತಾರಾ?

ನಾನು ಬರೆದೆ. ನಿಜ ಹೇಳ್ತೀನಿ, ಒಳ್ಳೇ ಬರಹ ಅದು. ಬೀಗರೂಟದಿಂದ ಹಿಡಿದು, ಮಷಿನ್ನಿನ ಎರಡು ಕೈ ಹೇಗೆ ಓಡಾಡ್ತಾವೆ, ಒಂದು ಕೈ ಯಾಕೆ ನಿಲ್ಲುತ್ತೆ, ಅಕ್ಕ ತಪ್ಪಲೆಗೆ ಏನು ಹಚ್ಚಿ ಹೇಗೆ ಕಾಯಿಸಿದಳು, ಎಲ್ಲವನ್ನೂ ಬಿಡಿಸಿ ಬಿಡಿಸಿ ಬರೆದಿದ್ದೆ. ತುಮಕೂರು ಜಿಲ್ಲೆಗೆಲ್ಲ ನನ್ನ ಅಕ್ಕನ ಹೆಸರು ಗೊತ್ತಾಗಲಿ ಅನ್ನೋ ಆಸೆ. ಅವರಿಗೆ ಸರ್‌ಪ್ರೈಸ್ ಇರಲಿ ಅಂತ ಬಾಯಿಬಿಡದೆ, ಪತ್ರಿಕೆ ಆಫೀಸಿಗೆ ನಾನೇ ಹೋಗಿ ಕೊಟ್ಟುಬಂದೆ.

ಹೋದ ವಾರದ ಶುಕ್ರವಾರ ಅಕ್ಕ ಮತ್ತೆ ಊಟಕ್ಕೆ ಕರೆದಳು. ಬೆಂಗಳೂರಿನಿಂದ ಒಬ್ಬ ಲಾಯರ್ ಬಂದಿದ್ದರು. ಮಾಲಿನಿ ಅಂತ, ಪೇಟೆಂಟ್ ಕೆಲಸವನ್ನೇ ಮಾಡುವವರು. ವಯಸ್ಸು ಮೂವತ್ತು ದಾಟಿರಲಾರದು. ಭಾವನ ಕ್ಲಾಸ್‌ಮೇಟ್ ಒಬ್ಬರು ಗೊತ್ತು ಮಾಡಿಕೊಟ್ಟಿದ್ದರಂತೆ. ನಾನು ಕನ್ನಡಕ, ಕರಿ ಕೋಟು ಅಂತೆಲ್ಲ ಊಹಿಸಿದ್ದೆ. ಆಯಮ್ಮ ನೆಲದ ಮೇಲೆ ಚಕ್ಕಂಬಕ್ಕಳ ಹಾಕ್ಕೊಂಡು, ಅಗಿಯದೆ, ಮುದ್ದೆಯನ್ನ ಸರಾಗವಾಗಿ ನುಂಗ್ತಾ ಕೂತಿದ್ದರು.

ನುಂಗ್ತಾನೇ ಪ್ರಶ್ನೆ. “ಸಾರ್, ಈ ಮಷಿನ್ನನ್ನ ಹೊರಗಿನವರು ಯಾರಾದ್ರೂ ನೋಡಿದಾರಾ?”

“ಕುಣಿಗಲ್‌ನಲ್ಲಿ ಒಂದು ಹಾಸ್ಟೆಲ್ಲಲ್ಲಿ ಇಟ್ಟು ಟ್ರಯಲ್ ಮಾಡಿದ್ವಿ” ಅಂದರು ಭಾವ.

“ಯಾರು ನೋಡಿದ್ರು?”

“ಯಾರೂ ಇಲ್ಲ. ಅಡುಗೆಮನೆ ಬಾಗಿಲು ಹಾಕ್ಕೊಂಡು ನಾವೇ ನಡೆಸಿದ್ವಿ. ಹುಡುಗರೆಲ್ಲ ಮುದ್ದೆ ತಿಂದ್ರು.”

ಮಾಲಿನಿ ಇನ್ನೊಂದು ತುತ್ತು ನುಂಗಿದರು. “ತಿಂದಿದ್ದಕ್ಕೆ ತೊಂದರೆ ಇಲ್ಲ. ಮುದ್ದೆ ತಿಂದು ಮಷಿನ್ನು ಹೇಗಿದೆ ಅಂತ ಹೇಳೋಕಾಗಲ್ಲ. ಪರೀಕ್ಷೆಗೆ ಅಂತ ನಡೆಸಿದ್ದು, ಅದೂ ಪರವಾಗಿಲ್ಲ. ಆದ್ರೆ ಒಂದು ವಿಷ್ಯ ನೆನಪಿಟ್ಕೊಳ್ಳಿ. ನಮ್ಮ ಅರ್ಜಿ ಹಾಕೋವರೆಗೂ ಇದು ಎಲ್ಲೂ ಅಚ್ಚಾಗಬಾರದು. ಒಂದ್ಸಲ ಪ್ರಿಂಟ್ ಆಯ್ತು ಅಂದ್ರೆ ಅದು ಹೊಸದಲ್ಲ. ಹೊಸದಲ್ಲ ಅಂದ್ರೆ ಪೇಟೆಂಟ್ ಇಲ್ಲ.”

ನುಂಗೋಕೆ ಎತ್ತಿದ್ದ ಮುದ್ದೆಯನ್ನ ನಾನು ತಟ್ಟೆಗೆ ವಾಪಸು ಇಟ್ಟೆ.

“ಅಚ್ಚು ಅಂದ್ರೆ... ಪೇಪರೂ ಸೇರುತ್ತಾ?” ಅಂದೆ.

“ಯಾವುದಾದ್ರೂ ಸರಿ.”

“ಭಾನುವಾರದ ಪುರವಣಿ?”

ಅಕ್ಕ ಬಡಿಸ್ತಾ ಇದ್ದ ಸೌಟನ್ನ ಹಾಗೇ ಹಿಡಿದು ನನ್ನ ಕಡೆ ತಿರುಗಿದಳು. “ಏನೇ ಮಾಡಿದೀಯ ಸುಶೀಲ?”

ಹೇಳಿದೆ. ಮಷಿನ್ನಿನ ಕೈಗಳ ಬಗ್ಗೆ ಬರೆದಿದ್ದನ್ನೂ, ತಪ್ಪಲೆ ಬಗ್ಗೆ ಬರೆದಿದ್ದನ್ನೂ ಹೇಳಿದೆ. ಪುರವಣಿ ಶುಕ್ರವಾರ ಸಂಜೆಯೇ ಅಚ್ಚಾಗುತ್ತೆ ಅನ್ನೋದನ್ನೂ ಹೇಳಿದೆ. ಮಾಲಿನಿ ಗಡಿಯಾರ ನೋಡಿದರು. ಭಾವ ಮಾತ್ರ ಬೇರೆ ಎಲ್ಲೋ ಇದ್ದರು.

“ತಪ್ಪಲೆ ಬಗ್ಗೆ ಇವಳಿಗೆ ಹೇಗೆ ಗೊತ್ತು?” ಅಂದರು.

ಅಕ್ಕ ಸೌಟನ್ನ ಪಾತ್ರೆಯೊಳಗೆ ಇಟ್ಟಳು.

“ನಂಗೇ ಹೇಳಿಲ್ಲ ನೀನು. ಇವಳಿಗೆ ಹೇಳಿದೀಯ?”

ಆ ಸ್ಪ್ರಿಂಗಿನ ದಿನ ಅಕ್ಕ ಮಾಡಿದ್ದ ತೀರ್ಮಾನ ಇದೇ. ಮುಂದೆ ಏನೇ ಕಂಡುಹಿಡಿದರೂ ಈ ಮನುಷ್ಯನಿಗೆ ಹೇಳಬಾರದು, ಕೇಳಿದವರಿಗೆಲ್ಲ ಕಾಫಿ ಕೊಟ್ಟು ಹೇಳಿಬಿಡ್ತಾರೆ ಅಂತ. ಅಷ್ಟು ಜಾಗ್ರತೆ ಮಾಡಿದವಳು ಹೋಗಿ ಹೋಗಿ ನನಗೆ ಹೇಳಿದ್ದಳು. ಭಾನುವಾರದ ಪುರವಣಿ ಬಂದಿದ್ದರೆ ಹೆಂಡತಿಯ ಗುಟ್ಟನ್ನ ಭಾವ ಇಡೀ ಜಿಲ್ಲೆಯ ಜೊತೆಗೆ ಕೂತು ಓದಬೇಕಿತ್ತು.

“ಜಗಳ ಆಮೇಲೆ ಆಡಿ” ಅಂದರು ಮಾಲಿನಿ. “ಪ್ರಿಂಟ್ ಆದ್ರೆ ಮಷಿನ್ನು, ತಪ್ಪಲೆ ಎರಡೂ ಹೋಗುತ್ತೆ.”

ಪತ್ರಿಕೆ ಆಫೀಸಿಗೆ ಫೋನ್ ಮಾಡಿದರೆ ಎಂಗೇಜು. ಮತ್ತೆ ಮಾಡಿದರೂ ಎಂಗೇಜು. ಕೈ ತೊಳೆದುಕೊಂಡು ಹೊರಟೆವು. ಭಾವನ ಸ್ಕೂಟರಿನ ಹಿಂದೆ ಅಕ್ಕ, ಅವರ ಹಿಂದೆ ಆಟೋದಲ್ಲಿ ನಾನು ಮತ್ತು ಮಾಲಿನಿ. ರೈಲ್ವೆ ಗೇಟು ಹಾಕಿತ್ತು. ಒಂದು ಗೂಡ್ಸು ಗಾಡಿ, ಅದಕ್ಕೆ ಅವತ್ತೇ ಅಷ್ಟು ಡಬ್ಬಿ ಇರಬೇಕಾ? ಸ್ಕೂಟರಿನಲ್ಲಿ ಕೂತಿದ್ದ ಅಕ್ಕ ತಿರುಗಿ ನನ್ನನ್ನ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆ ಗೇಟಿನ ಹತ್ತಿರ ನನಗೆ ನಿಜಕ್ಕೂ ಭಯವಾಯಿತು. ನಾಲ್ಕು ಜನ ಹೊಗಳಲಿ ಅಂತ ಬರೆದಿದ್ದು, ಅವಳ ಅಷ್ಟೂ ವರ್ಷಗಳನ್ನ ಒಂದು ಸಂಜೆಗೆ ತೊಳೆದುಹಾಕಿಬಿಡ್ತಿತ್ತಲ್ಲ.

ಆಫೀಸಿನಲ್ಲಿ ಸಂಪಾದಕರು ಕಡ್ಲೇಪುರಿ ತಿಂತಾ ಕೂತಿದ್ದರು. ಫೋನಿನ ರಿಸೀವರು ಸರಿಯಾಗಿ ಇಟ್ಟಿರಲಿಲ್ಲ. ಪುಟ ಇನ್ನೂ ಅವರ ಮೇಜಿನ ಮೇಲೇ ಇತ್ತು, ಮೆಷಿನ್ ರೂಮಿಗೆ ಹೋಗೋಕೆ ರೆಡಿಯಾಗಿ.

ನಾನು ಏದುಸಿರು ಬಿಡ್ತಾ ವಿಷಯ ಹೇಳಿದೆ. ಅವರಿಗೆ ನಂಬಿಕೆ ಬರಲಿಲ್ಲ. “ಸುಶೀಲ ಮೇಡಂ, ಈ ವರ್ಷ ನೀವು ಬರೆದಿದ್ದರಲ್ಲೆಲ್ಲ ಇದೇ ಚೆನ್ನಾಗಿರೋದು. ಓದಿದ್ರೆ ಮಷಿನ್ನು ಕಣ್ಣಿಗೆ ಕಟ್ಟುತ್ತೆ. ಯಾಕೆ ತೆಗೀಬೇಕು?”

“ಕಣ್ಣಿಗೆ ಕಟ್ಟುತ್ತೆ ಅನ್ನೋದಕ್ಕೇ ತೆಗೀಬೇಕು ಸಾರ್” ಅಂದಳು ಅಕ್ಕ.

(ಆ ಗಾಬರಿಯಲ್ಲೂ ಈ ಎರಡು ಮಾತು ಕೇಳಿ ನನಗೆ ಒಳಗೊಳಗೇ ಖುಷಿಯಾಯಿತು. ಬರೆಯೋರ ಜಾತಿಯೇ ಹೀಗೆ.)

“ಇದನ್ನ ಇಲ್ಲಿ ಯಾರ್ಯಾರು ಓದಿದಾರೆ?” ಅಂತ ಮಾಲಿನಿ ಕೇಳಿದರು. ಸಂಪಾದಕರು ತಮ್ಮ ಕಡೆ ಬೆರಳು ತೋರಿಸಿಕೊಂಡರು, ಆಮೇಲೆ ಮೂಲೆಯಲ್ಲಿ ಪ್ರೂಫ್ ನೋಡ್ತಿದ್ದ ಹಿರಿಯರ ಕಡೆ ತೋರಿಸಿದರು. ಅವರು ಕನ್ನಡಕದ ಮೇಲಿಂದ ನೋಡಿ, “ನಾನು ಕಾಗುಣಿತ ನೋಡ್ತೀನಮ್ಮ. ವಿಷಯ ನೋಡಲ್ಲ” ಅಂದರು.

ಇಷ್ಟು ವರ್ಷದಿಂದ ನನ್ನ ಅಂಕಣ ಓದ್ತಿದಾರೆ ಅಂತ ನಾನು ಅಂದುಕೊಂಡಿದ್ದ ಮನುಷ್ಯ ಅವರು.

ಪುಟದಿಂದ ಅಂಕಣ ಎದ್ದಿತು. ಆ ಜಾಗಕ್ಕೆ ಹುತ್ರಿದುರ್ಗ ಬಂದು ಕೂತಿತು. ಸಂಪಾದಕರು ಯಾರಿಗೂ ಹೇಳಲ್ಲ ಅಂತ ಮಾಲಿನಿಗೆ ಬರೆದುಕೊಟ್ಟರು. ಅಕ್ಕ ಕೈಬರಹ, ಪ್ರೂಫು ಎಲ್ಲ ಇಸ್ಕೊಂಡು ಬ್ಯಾಗಿಗೆ ಹಾಕ್ಕೊಂಡಳು. ಮನೆಗೆ ಹೋದ ತಕ್ಷಣ ನೀರೊಲೆಗೆ ತುರುಕಿದಳು. ನನ್ನ ಬರಹದಿಂದ ಅವತ್ತು ಒಂದು ಹಂಡೆ ನೀರು ಕಾಯಿತು.

ಸಂಜೆ ಕಾಫಿ ಕುಡೀತಾ ಮಾಲಿನಿ ಬಿಡಿಸಿ ಹೇಳಿದರು. ನಾನು ಅಲ್ಲೀತನಕ ಪೇಟೆಂಟು ಅಂದರೆ ಒಂದು ಬಹುಮಾನ ಅಂದುಕೊಂಡಿದ್ದೆ. ಬುದ್ಧಿವಂತರಿಗೆ ಸರ್ಕಾರ ಕೊಡೋ ಸರ್ಟಿಫಿಕೇಟು. ಅಲ್ಲವಂತೆ. ಅದು ಒಂದು ಒಪ್ಪಂದ. ನಿನ್ನ ಗುಟ್ಟನ್ನ ಪೂರ್ತಿಯಾಗಿ, ಇನ್ನೊಬ್ಬರು ಓದಿ ಮಾಡೋ ಹಾಗೆ ಬರೆದುಕೊಡು. ಇಪ್ಪತ್ತು ವರ್ಷ ಅದನ್ನ ಬೇರೆಯವರು ಮಾಡದ ಹಾಗೆ ನೀನು ತಡೆಯಬಹುದು. ಆಮೇಲೆ ಅದು ಎಲ್ಲರದ್ದು.

“ಮಷಿನ್ನಿನ ಕೈಗಳನ್ನ ಯಾರು ಬೇಕಾದ್ರೂ ಬಿಚ್ಚಿ ನೋಡಬಹುದು” ಅಂದರು. “ನೋಡಿದ್ರೆ ಮಾಡಬಹುದು. ಅದನ್ನ ಮುಚ್ಚಿಡೋಕೆ ಆಗೋದೇ ಇಲ್ಲ. ಅದಕ್ಕೆ ಪೇಟೆಂಟ್ ಬೇಕೇ ಬೇಕು. ಆದ್ರೆ ತಪ್ಪಲೆ? ಕತ್ತರಿಸಿ ನೋಡಿದ್ರೂ ಹೇಗೆ ಮಾಡಿದ್ದು ಅಂತ ಗೊತ್ತಾಗುತ್ತಾ?”

“ಇಲ್ಲ” ಅಂದಳು ಅಕ್ಕ.

“ಹಂಗಾದ್ರೆ ಯಾಕೆ ಬರೆದುಕೊಡ್ತೀರ? ಬರೆದುಕೊಟ್ಟ ಮೇಲೆ ಯಾರೋ ಒಬ್ಬರು ಅವರ ಶೆಡ್ಡಲ್ಲಿ ಬಾಗಿಲು ಹಾಕ್ಕೊಂಡು ಅದೇ ತರಹ ಮಾಡಿದ್ರೆ, ಅದು ನಿಮ್ಮದೇ ವಿಧಾನ ಅಂತ ಹೇಗೆ ಸಾಬೀತು ಮಾಡ್ತೀರ?”

ಭಾವನಿಗೆ ಇದು ಒಪ್ಪಿಗೆಯಾಗಲಿಲ್ಲ. ಲೋಟ ಕೆಳಗಿಟ್ಟರು. ಅವರು ದನಿ ಏರಿಸಿದ್ದನ್ನ ನಾನು ಕಂಡಿದ್ದು ಅದೇ ಮೊದಲು. “ಇದು ಯಾವ ನ್ಯಾಯ ಮೇಡಂ? ನಂದು ಒಂದು ಬೆಳಗಿನ ಕೆಲಸ. ಕಾಫಿ ಆರೋದ್ರೊಳಗೆ ಹೊಳೀತು. ಇವಳು ಅದಕ್ಕೆ ಅಂತ ಕೆಲಸ ಬಿಟ್ಟಳು. ವರ್ಷಗಟ್ಟಲೆ ಆ ಶೆಡ್ಡಲ್ಲಿ ಹೊಗೆ ಕುಡಿದಳು. ಈಗ ಸರ್ಟಿಫಿಕೇಟಲ್ಲಿ ನನ್ನ ಹೆಸರು ಬರುತ್ತೆ, ಇವಳ ಕೆಲಸ ಯಾರಿಗೂ ಗೊತ್ತಾಗೋದೇ ಇಲ್ಲ. ಪೇಟೆಂಟು ಕೊಡೋದಾದ್ರೆ ತಪ್ಪಲೆಗೆ ಕೊಡಿ. ಮಷಿನ್ನು ಬೇಕಾದ್ರೆ ಊರೋರೆಲ್ಲ ಕಾಪಿ ಮಾಡ್ಕೊಳ್ಳಲಿ.”

ಅಕ್ಕ ಗಂಡನ ಕಡೆ ತಿರುಗಿದಳು. ಕಣ್ಣಲ್ಲಿ ನೀರಿತ್ತು, ತುಟಿಯಲ್ಲಿ ನಗು.

“ರೀ, ನಾನು ಅಷ್ಟು ವರ್ಷ ಕಷ್ಟಪಟ್ಟಿದ್ದು ನನ್ನ ಹೆಸರು ಗೋಡೆಗೆ ನೇತುಹಾಕೋಕಲ್ಲ. ಹಿಟ್ಟು ಅಂಟಬಾರದು ಅಂತ. ಅಂಟಲ್ಲ ಈಗ. ಇದನ್ನ ಕಂಡುಹಿಡಿಯೋದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಅದನ್ನ ಬರೆದುಕೊಟ್ಟು ಎಲ್ಲಾರಿಗೂ ಸುಲಭ ಮಾಡಿಕೊಡ್ಲಾ?”

“ಒಂದು ಅಪಾಯ ಇದೆ” ಅಂದರು ಮಾಲಿನಿ. “ಬೇರೆ ಯಾರಾದ್ರೂ ಅವರಷ್ಟಕ್ಕೆ ಅವರೇ ಕಂಡುಹಿಡಿದ್ರೆ ನೀವು ಏನೂ ಮಾಡೋಕಾಗಲ್ಲ.”

“ಕಂಡುಹಿಡೀಲಿ ಬಿಡಮ್ಮ. ಅಷ್ಟು ತಪ್ಪಲೆ ಸುಟ್ಟೋರಿಗೆ ಅದು ಸಿಗಲೇಬೇಕು.”

“ಇನ್ನೊಂದು. ನಿಮ್ಮೊಬ್ಬರಿಗೇ ಗೊತ್ತಿದ್ರೆ ಅದು ನಿಮ್ಮ ಜೊತೆಗೇ ಹೋಗುತ್ತೆ. ನಂಬಿಕೆಯ ಇನ್ನಿಬ್ಬರಿಗೆ ಗೊತ್ತಿರಬೇಕು.”

ಎಲ್ಲರೂ ನನ್ನ ಕಡೆ ನೋಡಿದರು. ನಾನು ಗೋಡೆ ಕಡೆ ನೋಡಿದೆ.

ಕೊನೆಗೆ ಅಕ್ಕ ಭಾವನನ್ನ ಶೆಡ್ಡಿಗೆ ಕರೆದುಕೊಂಡು ಹೋದಳು. ಬಾಗಿಲು ಹಾಕಿಕೊಂಡರು. ನಾವು ಹೊರಗೆ. ತುಂಬಾ ಹೊತ್ತೇನೂ ಆಗಲಿಲ್ಲ. ಭಾವನ ದನಿ ಕೇಳಿಸಿತು. “ಇಷ್ಟೇನಾ?”

“ಇಷ್ಟೇ.”

“ಇಷ್ಟು ಸುಲಭಾನಾ?”

“ಅದಕ್ಕೇ ನಿಮಗೆ ಹೇಳಿರಲಿಲ್ಲ.”

ಆಮೇಲೆ ಭಾವ ನಕ್ಕಿದ್ದು ಬೀದಿ ಕೊನೆಯವರೆಗೂ ಕೇಳಿಸಿರಬೇಕು. ಅಕ್ಕನೂ ಸೇರಿಕೊಂಡಳು.

ಗಮನಿಸಿದ್ರಾ? ಹುಡುಕೋಕೆ ವರ್ಷಗಟ್ಟಲೆ ಬೇಕಾದದ್ದು ಹೇಳೋಕೆ ಒಂದು ಪಾತ್ರೆ ತೊಳೆಯೋ ಹೊತ್ತು ಸಾಕು. ಕಾಪಾಡಬೇಕಾಗಿರೋದು ಇಂಥದ್ದನ್ನೇ. ಇಷ್ಟು ದುಡಿಮೆ ಸುರಿದಿದೀನಿ, ಇದನ್ನ ಉಳಿಸಿಕೊಳ್ಳಬೇಕು ಅಂತ ಎಲ್ಲರಿಗೂ ಅನ್ನಿಸುತ್ತೆ. ಆದರೆ ಉಳಿಸಿಕೊಳ್ಳೋ ದಾರಿ ಯಾವುದು ಅನ್ನೋದನ್ನ ನೀವು ಸುರಿದ ಬೆವರು ತೀರ್ಮಾನಿಸಲ್ಲ, ನಿಮ್ಮ ಕೈಗೆ ಸಿಕ್ಕ ವಿದ್ಯೆಯ ಗುಣ ತೀರ್ಮಾನಿಸುತ್ತೆ. ಕಣ್ಣಿಗೆ ಕಾಣೋದಾದರೆ ಕಾಗದ, ಕಾಣದ್ದಾದರೆ ಮೌನ. ದೊಡ್ಡ ಕಂಪನಿಯವರು ಇದನ್ನ ಬೋರ್ಡ್ ರೂಮಿನಲ್ಲಿ ಎಸಿ ಹಾಕ್ಕೊಂಡು ಚರ್ಚೆ ಮಾಡ್ತಾರಂತೆ. ನಮ್ಮಲ್ಲಿ ಶೆಡ್ಡಿನ ಹೊರಗೆ, ಕಾಲಿಗೆ ಸೊಳ್ಳೆ ಕಚ್ಚಿಸಿಕೊಳ್ತಾ ತೀರ್ಮಾನವಾಯಿತು.

ಇನ್ನು ಹೆಸರಿನ ವಿಷಯ. ಮಾಲಿನಿ ಅರ್ಜಿ ತಯಾರು ಮಾಡ್ತಾ, ಈ ಮಷಿನ್ನಿನಲ್ಲಿ ಹೊಸದು ಅಂದರೆ ಯಾವುದು ಅಂತ ಭಾವನನ್ನ ಕೇಳಿದರು. ಮೋಟಾರು ಹೊಸದಲ್ಲ, ತಿರುಗೋ ಕೈ ಹೊಸದಲ್ಲ. ಒಂದು ಕೈ ಅಂಚಿಗೆ ಒತ್ತಿ ತಡೆದು ನಿಲ್ಲುತ್ತಲ್ಲ, ಅದು ಹೊಸದು.

“ಆ ನಿಲ್ಲಿಸೋ ಐಡಿಯಾ ಯಾರದ್ದು?”

ಭಾವ ಯೋಚನೆಯೇ ಮಾಡಲಿಲ್ಲ. “ಇವಳದ್ದು.”

“ನಾನು ಸುಮ್ನೆ ಮಾತಿಗೆ ಹೇಳಿದ್ದು ಕಣಮ್ಮ” ಅಂದಳು ಅಕ್ಕ.

“ಮಾತಿಗೆ ಹೇಳಿದ್ರೂ ಅದೇ ಇನ್ವೆನ್ಷನ್ನು ಆಂಟಿ” ಅಂತ ಮಾಲಿನಿ ಇಬ್ಬರ ಹೆಸರನ್ನೂ ಬರೆದುಕೊಂಡರು. ವಿಶಾಲಾಕ್ಷಿ ಮೊದಲು, ಪರಮೇಶ್ವರಯ್ಯ ಆಮೇಲೆ. ಭಾವ ಆ ಕ್ರಮವನ್ನ ಬಗ್ಗಿ ನೋಡಿ, “ಸರಿಯಾಗಿದೆ” ಅಂದರು.

ಮಂಗಳವಾರ ಅರ್ಜಿ ಚೆನ್ನೈನ ಪೇಟೆಂಟ್ ಆಫೀಸಿಗೆ ಸೇರಿತು. ಪೇಟೆಂಟು ಸಿಗೋಕೆ ಇನ್ನೂ ವರ್ಷಗಳು ಬೇಕಂತೆ. ಸಿಗದೇ ಇರಲೂಬಹುದಂತೆ. ಆದರೆ ಈಗ ನಾನು ಮಷಿನ್ನಿನ ಕೈಗಳ ಬಗ್ಗೆ ಧೈರ್ಯವಾಗಿ ಬರೀಬಹುದು, ಬರೆದಿದೀನಿ. ತಪ್ಪಲೆ ಬಗ್ಗೆ ಕೇಳಬೇಡಿ. ಭಾವನೂ ನಾನೂ ಬಾಯಿಬಿಡಲ್ಲ ಅಂತ ಸೈನ್ ಹಾಕಿದೀವಿ. ಬರೆದಿದ್ದಕ್ಕೆ ಸಂಭಾವನೆ ತಗೊಂಡು ಬದುಕೋಳು, ಬರೆಯಲ್ಲ ಅಂತ ಸೈನ್ ಹಾಕಿದ್ದು ಜೀವನದಲ್ಲಿ ಇದೇ ಮೊದಲು. (ಈ ವಾರದ ಅಂಕಣವನ್ನ ಮೊದಲು ಓದಿದ್ದೂ ಸಂಪಾದಕರಲ್ಲ, ಮಾಲಿನಿ. ಒಂದು ಪ್ಯಾರಾ ಹೊಡೆದುಹಾಕಿದರು. ಅದೂ ಚೆನ್ನಾಗಿತ್ತು.)

ಮೊನ್ನೆ ಗುರುವಾರ ಮಾಲಿನಿ ಮತ್ತೆ ಬಂದಿದ್ದರು. ಊಟವಾದ ಮೇಲೆ ಹೊರಡೋಕೆ ಎದ್ದವರು ಬಾಗಿಲ ಹತ್ತಿರ ನಿಂತು, ಸ್ವಲ್ಪ ಸಂಕೋಚದಲ್ಲಿ, “ಆಂಟಿ, ಈ ಬಸ್ಸಾರಿಗೆ ನೀವು ಏನೇನು ಹಾಕ್ತೀರ? ನಮ್ಮಮ್ಮ ಮಾಡಿದ್ರೆ ಈ ರುಚಿ ಬರಲ್ಲ” ಅಂದರು.

ಅಕ್ಕ ಅವರನ್ನ ವಾಪಸು ಒಳಗೆ ಕರೆದು ಕೂರಿಸಿದಳು. ಯಾವ ಸೊಪ್ಪು, ಕಾಳು ಎಷ್ಟು ಬೇಯಬೇಕು, ಬಸಿದ ಕಟ್ಟನ್ನ ಏನು ಮಾಡಬೇಕು, ಬೆಳ್ಳುಳ್ಳಿಯನ್ನ ಸುಟ್ಟು ಹಾಕಬೇಕೋ ಹುರಿದು ಹಾಕಬೇಕೋ, ಖಾರಕ್ಕೆ ಕಾಯಿ ಎಷ್ಟು, ಯಾವಾಗ ಹುಳಿ, ಒಂದನ್ನೂ ಬಿಡದೆ ಹೇಳಿದಳು. ಮಾಲಿನಿ ಕೋರ್ಟಿನಲ್ಲಿ ಬರೆದುಕೊಳ್ಳೋ ಹಾಗೆ ಬರೆದುಕೊಂಡರು.

“ನಮ್ಮಮ್ಮಂಗೆ ಹೇಳಬಹುದಾ ಆಂಟಿ?” ಅಂತ ಕೇಳಿದರು, ವೃತ್ತಿಯ ಅಭ್ಯಾಸಕ್ಕೆ.

“ಊರಿಗೆಲ್ಲ ಹೇಳಮ್ಮ” ಅಂದಳು ಅಕ್ಕ.

ಅಲ್ಲ, ಬಸ್ಸಾರಿಗೂ ಪೇಟೆಂಟು ಮಾಡಿಸ್ಕೊಂಡು ಕೂತರೆ ನಾವು ಯಾರ ಮನೆಗೆ ಊಟಕ್ಕೆ ಹೋಗೋದು?